ಅಜ್ಜಮಾಡ ದೇವಯ್ಯ: ಇಪ್ಪತ್ತಮೂರು ವರ್ಷ ತಡವಾಗಿ ಬಂದ ಗೌರವ

ಕೊಡಗೆಂದೊಡನೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ಹೆಸರುಗಳು ನೆನಪಾಗುವುದು ಸಹಜ. ಅದೇ ನೆಲದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರನ್ನು ಬಲ್ಲವರು ಕಡಿಮೆ. ಹೊಸ ಪೀಳಿಗೆಯ ಓದುಗರಿಗಾಗಿ ಅವರ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ.

1932ರಲ್ಲಿ ಜನಿಸಿದ ದೇವಯ್ಯನವರು 1954ರಲ್ಲಿ ವಾಯುಪಡೆ ಸೇರಿದರು. ಕಿರಿಯರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಬೋಧಕರಾಗಿಯೂ ಸೇವೆ ಸಲ್ಲಿಸಿದರು. 1965ರ ಯುದ್ಧಕಾಲದಲ್ಲಿ ಅವರು ಆದಂಪುರದ ಒಂದನೇ ಸ್ಕ್ವಾಡ್ರನ್ನಿನಲ್ಲಿದ್ದರು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆರಗಿ, ಅಲ್ಲಿ ನಿಂತಿದ್ದ ನಮ್ಮ ವಿಮಾನಗಳನ್ನು ನಾಶಪಡಿಸಿದ್ದವು. ಮರುದಿನ ನಸುಕಿನಲ್ಲಿ, ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ನಮ್ಮ ಮಿಸ್ಟೇರ್ ವಿಮಾನಗಳು ಶತ್ರುವಿನ ಪ್ರಮುಖ ವಾಯುನೆಲೆಯಾದ ಸರ್ಗೋಧಾದತ್ತ ಹೊರಟವು. ದೇವಯ್ಯನವರು ಕಾದಿರಿಸಿದ ಪೈಲಟ್. ತಂಡದಲ್ಲಿ ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಆದರೂ ಅವರು ದಾಳಿಯಲ್ಲಿ ಸೇರಿಕೊಂಡರು.

ಆಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಅವರನ್ನು ಎದುರುಗೊಂಡಿತು. ಅಮೆರಿಕದಲ್ಲಿ ತಯಾರಾದ ಆ ವಿಮಾನದ ವೇಗ ಶಬ್ದದ ವೇಗದ ಸುಮಾರು ಎರಡರಷ್ಟು. ಫ್ರಾನ್ಸಿನ ಮಿಸ್ಟೇರ್ ಆದರೋ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೇ ದಾಟಲಾರದು. ದೇವಯ್ಯನವರ ವಿಮಾನಕ್ಕೆ ಗುಂಡುಗಳು ತಗುಲಿದವು. ಅವರು ಹಿಮ್ಮೆಟ್ಟಲಿಲ್ಲ. ನೆಲಕ್ಕೆ ಸಮೀಪವಾಗಿ, ಸುತ್ತಿ ಸುತ್ತಿ ಕಾದುವಾಗ ಅತಿವೇಗವೇ ತೊಡಕಾಗುತ್ತದೆ. ಚಿಕ್ಕ ವೃತ್ತದಲ್ಲಿ ತಿರುಗಬಲ್ಲ ವಿಮಾನಕ್ಕೆ ಅನುಕೂಲ. ಘಾಸಿಗೊಂಡ ಮಿಸ್ಟೇರಿನಿಂದಲೇ ಅವರು ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅಮ್ಜದ್ ಹುಸೇನರು ಪ್ಯಾರಾಚ್ಯೂಟಿನಿಂದ ಪಾರಾದರು. ದೇವಯ್ಯನವರು ಮರಳಲಿಲ್ಲ. ಅವರಿಗಾಗ ಮೂವತ್ತೆರಡು ವರ್ಷ.

ಆ ಕಾಳಗವನ್ನು ನಮ್ಮವರಾರೂ ಕಂಡಿರಲಿಲ್ಲ. ಆದ್ದರಿಂದ ವಾಯುಪಡೆಯ ದಾಖಲೆಗಳಲ್ಲಿ ಅವರು ಕಾಣೆಯಾದವರಾಗಿಯೇ ಉಳಿದರು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನದ ವಾಯುಪಡೆಯ ಮಾಹಿತಿಯನ್ನು ಆಧರಿಸಿ ಪ್ರಕಟಿಸಿದ ಗ್ರಂಥದಿಂದ ಸತ್ಯ ಹೊರಬಿದ್ದಿತು. ಕೊನೆಗೆ 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು. 2025ರ ‘ಸ್ಕೈ ಫೋರ್ಸ್’ ಹಿಂದಿ ಚಲನಚಿತ್ರಕ್ಕೆ ಈ ಘಟನೆಯೇ ಪ್ರೇರಣೆ. ಚಿತ್ರದಲ್ಲಿ ಪಾತ್ರಗಳ ಹೆಸರು ಬದಲಾಗಿವೆ, ಕಲ್ಪನೆಯೂ ಬೆರೆತಿದೆ ಎಂಬುದನ್ನು ಓದುಗರು ಗಮನಿಸಬೇಕು.

ಇತಿಹಾಸದ ವಿದ್ಯಾರ್ಥಿಗೆ ಇಲ್ಲೊಂದು ಪಾಠವಿದೆ. ಯುದ್ಧದ ಕಥೆಯನ್ನು ಒಂದೇ ಪಕ್ಷದ ದಾಖಲೆಯಿಂದ ಪೂರ್ಣವಾಗಿ ತಿಳಿಯಲಾಗದು. ನಮ್ಮ ವೀರನೊಬ್ಬನ ಸಾಹಸಕ್ಕೆ ಸಾಕ್ಷಿ ದೊರೆತದ್ದು ಎದುರಾಳಿಯ ಕಡೆಯಿಂದ. ಅದಕ್ಕೆ ತಕ್ಕ ಮನ್ನಣೆ ಸಿಗುವವರೆಗೆ ಒಂದು ಕುಟುಂಬ ಎರಡು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ಮಹಾವೀರ ಚಕ್ರವು ಅವರ ಶೌರ್ಯಕ್ಕೆ ಸಂದ ಗೌರವ. ಆ ಕಾಯುವಿಕೆಗೆ ಯಾವ ಪದಕವೂ ಇಲ್ಲ.