ಹಾರುವ ಓತಿಯ ಜಾಡು: ಮೂಡಿಗೆರೆಯ ಕಾಡು ಮತ್ತು ಕನ್ನಡದ ಸಾಹಸ ಕಾದಂಬರಿ

ಕಳಸದ ಆಸುಪಾಸಿನ ಅಡಿಕೆ ತೋಟದಲ್ಲಿ ಬಿಸಿಲೇರಿದ ಹೊತ್ತು ಕತ್ತೆತ್ತಿ ಕಾದು ನಿಂತರೆ, ಮರದ ತೊಗಟೆಯ ಚೂರೊಂದು ಕಳಚಿಕೊಂಡಂತೆ ಕಾಣುವುದುಂಟು. ಅದು ನೆಲಕ್ಕೆ ಬೀಳುವುದಿಲ್ಲ. ಓರೆಯಾಗಿ ತೇಲಿ ಹೋಗಿ ಇನ್ನೊಂದು ಮರದ ಮೈಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮರುಕ್ಷಣ ಮತ್ತೆ ತೊಗಟೆಯೇ. ಗಂಡಾಗಿದ್ದರೆ ಗಂಟಲಡಿಯ ಹಳದಿ ಚೀಲವನ್ನು ಒಮ್ಮೆ ಚಾಚಿ ಮಡಚುತ್ತದೆ, ಅದರಿಂದ ಗುರುತು ಹಿಡಿಯಬೇಕು. ಇದೇ ಹಾರುವ ಓತಿ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳೇ ಕೊಡೆಯ ಕಡ್ಡಿ, ಅವುಗಳ ನಡುವಿನ ಚರ್ಮವೇ ಕೊಡೆಯ ಬಟ್ಟೆ. ಪಶ್ಚಿಮ ಘಟ್ಟದ ಈ ಜೀವಿಗೆ 1837ರಲ್ಲಿ ಫ್ರೆಂಚ್ ವಿಜ್ಞಾನಿಗಳು ಡ್ರಾಕೊ ಡುಸ್ಸುಮಿಯೇರಿ ಎಂದು ಹೆಸರಿಟ್ಟರು. ಡ್ರಾಕೊ ಅಂದರೆ ಲ್ಯಾಟಿನ್ನಿನಲ್ಲಿ ಡ್ರ್ಯಾಗನ್. ಗೇಣುದ್ದದ, ಇರುವೆ ತಿಂದು ಬದುಕುವ ಪ್ರಾಣಿಗೆ ಅಷ್ಟು ದೊಡ್ಡ ಹೆಸರು! ಕನ್ನಡದ ಸಾಹಸ ಕಾದಂಬರಿಯ ಚರಿತ್ರೆಯನ್ನು ಈ ಓತಿಯಿಂದಲೇ ಶುರುಮಾಡಬೇಕೆಂದು ನನಗೆ ಅನ್ನಿಸುತ್ತದೆ.

ಕನ್ನಡದ ಮಕ್ಕಳಿಗೆ ಅದ್ಭುತ ಹೊಸದೇನಲ್ಲ. 1940ರ ದಶಕದ ಕೊನೆಯಿಂದ ಮನೆಮನೆಗೆ ಬರುತ್ತಿದ್ದ ‘ಚಂದಮಾಮ’ದಲ್ಲಿ ರಾಜಕುಮಾರರೂ ಬೇತಾಳವೂ ಇದ್ದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹುಡುಗರು ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದುತ್ತಿದ್ದರು. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂಲಕ ಲೋಕಜ್ಞಾನವನ್ನೇ ಮಕ್ಕಳ ಮುಂದೆ ಹರಡಿದ್ದರು. ಅದ್ಭುತ, ಪತ್ತೇದಾರಿ, ವಿಜ್ಞಾನ ಹೀಗೆ ಬೇರೆ ಬೇರೆ ಕಪಾಟಿನಲ್ಲಿದ್ದವು. ಅವು ಒಂದೇ ಪುಸ್ತಕದಲ್ಲಿ ಸೇರಿ, ನಮ್ಮದೇ ಕಾಡಿನ ದಾರಿ ಹಿಡಿದದ್ದು 1980ರಲ್ಲಿ ಪ್ರಕಟವಾದ ತೇಜಸ್ವಿಯವರ ‘ಕರ್ವಾಲೊ’ದಲ್ಲಿ. ಅದನ್ನು ಯಾರೂ ಮಕ್ಕಳ ಕಾದಂಬರಿ ಎಂದು ಕರೆಯಲಿಲ್ಲ. ಕರೆಯದಿದ್ದರೂ ಹೈಸ್ಕೂಲಿನ ಹುಡುಗ ಹುಡುಗಿಯರು ಅದನ್ನು ತಮ್ಮದು ಮಾಡಿಕೊಂಡರು.

ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಮೈಸೂರಿನಲ್ಲಿ ಎಂ.ಎ. ಮುಗಿಸಿ 1960ರ ದಶಕದಲ್ಲಿ ಮೂಡಿಗೆರೆ ಸೀಮೆಗೆ ಬಂದು ಕಾಫಿ ತೋಟ ಮಾಡಿದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯ ಸಾಹಿತ್ಯದ ದಾರಿ ತನ್ನದಲ್ಲವೆಂದು ಹೇಳಿಯೂಬಿಟ್ಟರು. ಏಳು ವರ್ಷದ ಮೇಲೆ ಬಂದ ‘ಕರ್ವಾಲೊ’ ಆ ಮಾತಿನ ಪೂರ್ಣ ಅರ್ಥವನ್ನು ತೋರಿಸಿತು. ಬೆಳೆಗೆ ಬೆಲೆಯಿಲ್ಲ, ತೋಟ ಮಾರಿಬಿಡೋಣವೆಂದು ಬೇಸತ್ತ ಕೃಷಿಕನೇ ಅದರ ನಿರೂಪಕ. ಜೇನು ಸೊಸೈಟಿಯ ಸುತ್ತಮುತ್ತ ಅವನಿಗೆ ಮಂದಣ್ಣ ಸಿಗುತ್ತಾನೆ. ಊರಿನವರ ಲೆಕ್ಕದಲ್ಲಿ ಮಂದಣ್ಣ ದಡ್ಡ; ಎಲ್ಲಾದರೂ ಜವಾನನ ಕೆಲಸ ಸಿಕ್ಕಿ ಮದುವೆಯಾದರೆ ಸಾಕೆಂದುಕೊಂಡವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ, ಯಾಕೆಂದರೆ ಹಾರುವ ಓತಿಯನ್ನು ಕಂಡವನು ಅವನು. ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬಿದ್ದ ಮಂದಣ್ಣನಿಗಾಗಿ ದೊಡ್ಡ ವಿಜ್ಞಾನಿ ಕೋರ್ಟಿಗೆ ಅಲೆಯುವುದನ್ನು ಓದುವಾಗ ನಗು ಬರುತ್ತದೆ. ಆದರೆ ಕಾದಂಬರಿಯ ತಿರುಳು ಇರುವುದೇ ಅಲ್ಲಿ.

ಕೋಟ್ಯಂತರ ವರ್ಷ ಹಿಂದಿನಿಂದ ಉಳಿದುಬಂದ ಜೀವಿಯೆಂಬ ಕಲ್ಪನೆಯನ್ನು ತೇಜಸ್ವಿ ಸೇರಿಸಿದರು. ಓತಿಯನ್ನು ಮಾತ್ರ ಅವರು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಮಲೆನಾಡಿನಲ್ಲಿ ಅದ್ಭುತಕ್ಕೆ ಬೇರೆ ಸಿದ್ಧ ಸಾಮಗ್ರಿಯೂ ಬೇಕಾದಷ್ಟಿತ್ತು. ಚಾರ್ಮಾಡಿ ಘಾಟಿ ಇಳಿದರೆ ಪಂಜುರ್ಲಿ ದೈವ, ಘಟ್ಟದ ಮೇಲೆ ಜಟಿಗ, ಚೌಡಿ. ಬನದ ಕಲ್ಲಿಗೆ ಕೈಮುಗಿಯದೆ ಕಾಡು ಹೊಗುವವರೇ ಕಡಿಮೆ. ಅದನ್ನೆಲ್ಲ ಪಕ್ಕಕ್ಕಿಟ್ಟು ಇರುವೆ ತಿನ್ನುವ ಓತಿಯನ್ನು ಆರಿಸಿಕೊಂಡದ್ದು ಯೋಚಿಸಿಯೇ ಮಾಡಿದ ನಿರ್ಧಾರವೆಂದು ನಾನು ಓದುತ್ತೇನೆ.

ಆ ನಿರ್ಧಾರದ ತೂಕ ತಿಳಿಯಲು ಆಸ್ಟ್ರೇಲಿಯಾದ ಪೆಟ್ರೀಷಿಯಾ ರೈಟ್‌ಸನ್ (1921–2010) ಅವರನ್ನು ಪಕ್ಕದಲ್ಲಿಟ್ಟು ನೋಡಬಹುದು. 1955ರಲ್ಲಿ ಮಕ್ಕಳ ಸಾಹಸ ಕತೆಯಿಂದ ಶುರುಮಾಡಿದ ಆಕೆ, ಯುರೋಪಿನ ಯಕ್ಷಿಣಿಯರನ್ನು ಆಸ್ಟ್ರೇಲಿಯಾದ ಪೊದೆಗಾಡಿಗೆ ತಂದರೆ ಹೊಂದುವುದಿಲ್ಲವೆಂದು ಕಂಡುಕೊಂಡರು. ‘ದಿ ನಾರ್ಗನ್ ಅಂಡ್ ದಿ ಸ್ಟಾರ್ಸ್’ (1973) ಕಾದಂಬರಿಗೆ ಅಲ್ಲಿನ ಮೂಲನಿವಾಸಿಗಳ ಕತೆಗಳ ಕಲ್ಲುಜೀವಿ ನಾರ್ಗನ್ ಬಂತು. ತಂದೆತಾಯಿಯಿಲ್ಲದ ಹುಡುಗ ಸೈಮನ್ ಬೆಟ್ಟದ ಕುರಿತೋಟಕ್ಕೆ ಬರುತ್ತಾನೆ, ಅಲ್ಲಿಗೆ ಬುಲ್ಡೋಜರೂ ಬಂದಿರುತ್ತದೆ, ಕಲ್ಲು ನಡೆದಾಡುತ್ತದೆ. 1986ರಲ್ಲಿ ಆಕೆಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪದಕ ಸಂದಿತು. ಆದರೆ ನಾರ್ಗನ್ ಗುನೈಕುರ್ನೈ ಜನರದು. ಅವರ ನಂಬಿಕೆಯನ್ನು ಹೊರಗಿನವರು ಕಾದಂಬರಿಗೆ ಎತ್ತಿಕೊಳ್ಳಬಹುದೇ ಎಂಬ ಪ್ರಶ್ನೆ ಆಕೆಯ ಕೃತಿಗಳನ್ನು ಬಿಡದೆ ಹಿಂಬಾಲಿಸಿತು.

ಈ ಪ್ರಶ್ನೆ ‘ಕರ್ವಾಲೊ’ದಲ್ಲಿ ಬೇರೆ ರೂಪದಲ್ಲಿದೆ. ಓತಿ ಯಾರ ದೇವರೂ ಅಲ್ಲ, ಸರಿ. ಆದರೆ ಓತಿಯ ತಿಳಿವಳಿಕೆ ಯಾರದು? ಕಂಡವನು ಮಂದಣ್ಣ, ಅದರ ಮಹತ್ವ ಹೇಳುವವರು ಕರ್ವಾಲೊ, ಬರೆಯುವವನು ನಿರೂಪಕ. ಈ ಮೂರರ ನಡುವಿನ ಅಂತರವನ್ನು ತೇಜಸ್ವಿ ಮುಚ್ಚಿಡುವುದಿಲ್ಲ. ಫೋಟೋಗ್ರಾಫರ್ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಯಂಗ್ಟ, ನಾಯಿ ಕಿವಿ ಎಲ್ಲರೂ ಸೇರಿ ಹೊರಟ ಆ ತಂಡದಲ್ಲಿ ಕಾಡೊಳಗೆ ಹೋದಂತೆಲ್ಲ ಓದಿದವರು ಓದದವರ ಬೆನ್ನು ಹಿಡಿದು ನಡೆಯಬೇಕಾಗುತ್ತದೆ. ಮಕ್ಕಳನ್ನು ಈ ಪುಸ್ತಕ ಹಿಡಿದಿಟ್ಟದ್ದು ಇದರಿಂದಲೇ ಇರಬೇಕು: ತರಗತಿಯಲ್ಲಿ ಹಿಂದಿನ ಬೆಂಚಿನವನು ಇಲ್ಲಿ ದಾರಿ ತೋರಿಸುವವನು.

ಮುಂದೆ ‘ಚಿದಂಬರ ರಹಸ್ಯ’ (1985) ಏಲಕ್ಕಿ ಸಂಶೋಧಕನೊಬ್ಬನ ಸಾವಿನ ಜಾಡು ಹಿಡಿದು ಊರಿನ ಒಡಕಿಗೆ ತಲುಪಿತು, ‘ಜುಗಾರಿ ಕ್ರಾಸ್’ (1994) ಏಲಕ್ಕಿ ಬೆಳೆಗಾರ ದಂಪತಿಯನ್ನು ಒಂದೇ ದಿನದಲ್ಲಿ ಕಳ್ಳಸಾಗಣೆಯ ಜಾಲದೊಳಗೆ ತಳ್ಳಿತು. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಿಸಿದ ರೀತಿಯೂ ಅಷ್ಟೇ ಮುಖ್ಯ. ಆ ದೊರೆ ಬೆಂಗಳೂರಿನವನೇ, ಅವನ ಕಾಡುಗಳು ನಮ್ಮವೇ. ಭಾಷೆ ಬದಲಾದೊಡನೆ ಕತೆ ಊರಿಗೆ ವಾಪಸು ಬಂದ ಹಾಗಾಯಿತು.

ಕಾದಂಬರಿ ಬಂದ ಕಾಲವನ್ನೂ ನೆನೆಯಬೇಕು. ಕುದುರೆಮುಖದ ಕಬ್ಬಿಣದ ಅದಿರಿಗಾಗಿ ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಅದಾದ ನಾಲ್ಕು ವರ್ಷಕ್ಕೆ ‘ಕರ್ವಾಲೊ’ ಬಂತು. 1987ರಲ್ಲಿ ಅಲ್ಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಮಂದಣ್ಣನ ತುಡುವೆ ಜೇನಿಗೂ ಆಪತ್ತು ತಪ್ಪಲಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಪೆಟ್ಟಿಗೆಗಳು ಖಾಲಿಯಾದವು. ಒಂದೇ ಘಟ್ಟಸಾಲಿನಲ್ಲಿ ಕೆಲವರು ಅದಿರನ್ನು ಅಳೆಯುತ್ತಿದ್ದ ಹೊತ್ತಿಗೆ, ಒಂದು ಕಾದಂಬರಿ ಗೇಣುದ್ದದ ಪ್ರಾಣಿಗಾಗಿ ಇಡೀ ತಂಡವನ್ನು ಹಗಲಿರುಳು ನಡೆಸುತ್ತಿತ್ತು.

ರೈಟ್‌ಸನ್ ಅವರ ನಾರ್ಗನ್ ಕೊನೆಗೆ ಬೆಟ್ಟದ ಹೊಟ್ಟೆಯೊಳಗೆ ಹೂತುಹೋಗುತ್ತದೆ, ಸೈಮನ್ನನ ಮನೆ ಉಳಿಯುತ್ತದೆ. ಮೂಡಿಗೆರೆಯ ಓತಿಗೆ ತೇಜಸ್ವಿ ಆ ಗತಿ ತರಲಿಲ್ಲ. ಬಂಡೆಯ ತುದಿಯವರೆಗೆ ಎಲ್ಲರೂ ಅದರ ಬೆನ್ನು ಹತ್ತುತ್ತಾರೆ. ಅಲ್ಲಿಂದಾಚೆ ನೆಲವಿಲ್ಲ, ಕಣಿವೆ ಮಾತ್ರ. ಓತಿ ಪಕ್ಕೆ ಬಿಚ್ಚಿ ತೇಲಿಬಿಡುತ್ತದೆ. ವಿಜ್ಞಾನಿಯೂ ಮಂದಣ್ಣನೂ ಪಕ್ಕಪಕ್ಕದಲ್ಲೇ ನಿಂತು ನೋಡುತ್ತಾರೆ.