ತಾಲೀಮು, ಕವಾಯತು, ಪೀಟಿ: ಕನ್ನಡ ಶಾಲೆಯ ಅಂಗಳದ ಶಬ್ದಚರಿತ್ರೆ

ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ ಕರ್ನಾಟಕದ ಬಹಳಷ್ಟು ಶಾಲೆಗಳಲ್ಲಿ ಮೊದಲು ಕೇಳುವುದು ‘ಸಾವಧಾನ್’, ‘ವಿಶ್ರಾಮ್’ ಎಂಬ ಎರಡು ಮಾತು. ನಾಡಗೀತೆ ಕನ್ನಡದಲ್ಲಿ, ಪಾಠ ಕನ್ನಡದಲ್ಲಿ. ಮೈಗೆ ಕೊಡುವ ಆಜ್ಞೆ ಮಾತ್ರ ಬೇರೆ ನುಡಿಯಲ್ಲಿ. ಅದೇ ಅಂಗಳದಲ್ಲಿ ನಡೆಯುವ ಕೆಲಸವನ್ನು ಒಂದು ತಲೆಮಾರು ಕವಾಯತು ಎಂದಿತು, ಮುಂದಿನದು ಡ್ರಿಲ್ ಎಂದಿತು, ಅದರ ಮುಂದಿನದು ಪೀಟಿ ಎಂದಿತು. ಸರ್ಕಾರದ ಕಡತ ಅದನ್ನು ದೈಹಿಕ ಶಿಕ್ಷಣ ಎನ್ನುತ್ತದೆ. ಒಂದೇ ಕೆಲಸಕ್ಕೆ ಇಷ್ಟು ಹೆಸರು ಬಂದದ್ದು ಆಕಸ್ಮಿಕವಲ್ಲ. ಪ್ರತಿಯೊಂದು ಹೆಸರಿನ ಹಿಂದೆಯೂ ಮಗುವಿನ ಮೈ ಯಾರ ವಶದಲ್ಲಿರಬೇಕು, ಯಾತಕ್ಕಾಗಿ ಬೆಳೆಯಬೇಕು ಎಂಬ ಒಂದೊಂದು ವಿಚಾರವಿದೆ.

ಬ್ರಿಟಿಷರು ಡ್ರಿಲ್ ತಂದರು, ನಾವು ಅದನ್ನು ಒಪ್ಪಿಕೊಂಡೆವು ಎಂದು ಈ ಚರಿತ್ರೆಯನ್ನು ಎರಡು ಮಾತಿನಲ್ಲಿ ಮುಗಿಸುವ ರೂಢಿಯಿದೆ. ಕನ್ನಡ ಪ್ರದೇಶದ ಮಟ್ಟಿಗೆ ಇದು ಅರ್ಧಸತ್ಯ. ಇಲ್ಲಿ ಗರಡಿಯ ಉಸ್ತಾದರು, ಅರಮನೆಯ ಯೋಗಾಚಾರ್ಯರು, ಹುಬ್ಬಳ್ಳಿಯ ಸ್ವಯಂಸೇವಕರು, ಮದರಾಸಿನ ಅಮೆರಿಕನ್ ಶಿಕ್ಷಕರು ಎಲ್ಲರೂ ಶಾಲೆಯ ಅಂಗಳಕ್ಕಾಗಿ ದುಡಿದಿದ್ದಾರೆ. ಅವರ ದುಡಿಮೆಯ ಗುರುತು ಆ ಶಬ್ದಗಳಲ್ಲೇ ಉಳಿದಿದೆ.

ಮೊದಲು ‘ತಾಲೀಮು’. ಹುಬ್ಬಳ್ಳಿ, ಬೆಳಗಾವಿಯ ಕಡೆ ಕುಸ್ತಿಯ ಮನೆಗೆ ಈ ಹೆಸರು. ಅರಬ್ಬಿ ಮೂಲದಲ್ಲಿ ಇದರ ಅರ್ಥ ಶಿಕ್ಷಣ, ಅಷ್ಟೆ. ಓದು ಕಲಿಸುವುದಕ್ಕೂ ಪಟ್ಟು ಕಲಿಸುವುದಕ್ಕೂ ಒಂದೇ ಶಬ್ದ ಸಾಕಾಗಿದ್ದ ಕಾಲವೊಂದಿತ್ತು. ಹಳೆ ಮೈಸೂರಿನ ಗರಡಿಯಲ್ಲೂ ಗುರು, ಶಿಷ್ಯ, ಮಟ್ಟಿಯ ಪೂಜೆ ಎಲ್ಲ ಇದ್ದು ಅದೊಂದು ವಿದ್ಯಾಸ್ಥಾನವೇ ಆಗಿತ್ತು. ಇದರ ಹಿಂದೆ ದೀರ್ಘ ಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ ಮಲ್ಲವಿನೋದವನ್ನು ವರ್ಣಿಸುವಾಗ ಮಲ್ಲರನ್ನು ವಯಸ್ಸು ಮತ್ತು ಬಲದ ಮೇಲೆ ವಿಂಗಡಿಸುತ್ತದೆ, ಅವರ ಆಹಾರ ಮತ್ತು ಅಭ್ಯಾಸವನ್ನು ಹೇಳುತ್ತದೆ. ವಯಸ್ಸಿಗೆ ತಕ್ಕ ಅಭ್ಯಾಸ ಎಂಬ ಆಧುನಿಕ ದೈಹಿಕ ಶಿಕ್ಷಣದ ತತ್ತ್ವ ಈ ನಾಡಿಗೆ ಹೊಸದಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಗರಡಿ ಎಲ್ಲ ಮಕ್ಕಳ ಶಾಲೆಯಲ್ಲ. ಅಲ್ಲಿಗೆ ಹೋಗುವವರು ಆಯ್ದ ಗಂಡುಹುಡುಗರು. ಹೆಣ್ಣುಮಕ್ಕಳಿಗೆ ಅದರ ಬಾಗಿಲು ಮುಚ್ಚಿತ್ತು.

ಗರಡಿಯಿಂದ ತರಗತಿಗೆ ಪೂರ್ತಿಯಾಗಿ ದಾಟಿ ಬಂದ ಅಭ್ಯಾಸ ಒಂದೇ ಒಂದು: ಬಸ್ಕಿ. ಪೈಲ್ವಾನನ ತೊಡೆಗೆ ಕಸುವು ಕೊಡುವ ಬಸ್ಕಿ ಶಾಲೆಯಲ್ಲಿ ದಂಡನೆಯಾಯಿತು. ಮಗ್ಗಿ ತಪ್ಪಿದವನಿಗೆ ಇಪ್ಪತ್ತು ಬಸ್ಕಿ, ತಡವಾಗಿ ಬಂದವನಿಗೆ ಐವತ್ತು. ಇದು ಸಣ್ಣ ಸಂಗತಿಯೆಂದು ನನಗೆ ಅನ್ನಿಸುವುದಿಲ್ಲ. ಒಂದು ಸಮಾಜ ತನ್ನ ವ್ಯಾಯಾಮವನ್ನೇ ಶಿಕ್ಷೆಯಾಗಿ ಮಗುವಿಗೆ ಪರಿಚಯಿಸಿದರೆ, ಆ ಮಗು ದೊಡ್ಡದಾದ ಮೇಲೆ ವ್ಯಾಯಾಮವನ್ನು ಪ್ರೀತಿಸುವುದು ಕಷ್ಟ.

‘ಕವಾಯತು’ ಮರಾಠಿಯ ದಾರಿಯಲ್ಲಿ ಬಂದದ್ದು. ನಿಯಮಗಳು ಎಂಬ ಅರ್ಥದ ಅರಬ್ಬಿ ಶಬ್ದ ಅದರ ಮೂಲ. ದಂಡಿನ ಮೈದಾನದಲ್ಲಿ ಸಿಪಾಯಿಗಳ ಚಲನೆಗೆ ಬಳಕೆಯಾಗುತ್ತಿದ್ದ ಈ ಮಾತು 19ನೆಯ ಶತಮಾನದಲ್ಲಿ ಶಾಲೆಗೂ ಬಂತು. ಆದರೆ ಸರ್ಕಾರದ ಕಾಗದದಲ್ಲಿ ಬರೆದದ್ದು ಬರೀ ಕವಾಯತಲ್ಲ. 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳಲ್ಲಿ ದೇಶೀ ಆಟಗಳು, ಅಂಗಸಾಧನೆ, ಕವಾಯತು ಹಾಗೂ ಆಯಾ ಶಾಲೆಯ ಪರಿಸ್ಥಿತಿಗೆ ಹೊಂದುವ ಇತರ ವ್ಯಾಯಾಮಗಳನ್ನು ಪ್ರೋತ್ಸಾಹಿಸಬೇಕೆಂದು ಶಿಫಾರಸು ಮಾಡಿತ್ತು. ದೇಶೀ ಆಟಗಳಿಗೆ ಆ ಪಟ್ಟಿಯಲ್ಲೇ ಜಾಗವಿತ್ತು. ಹಾಗಿದ್ದೂ ಅಂಗಳದಲ್ಲಿ ಗೆದ್ದದ್ದು ಕವಾಯತು. ಕಾರಣ ತತ್ತ್ವವಲ್ಲ, ಖರ್ಚು. ಸೇನೆಯಿಂದ ನಿವೃತ್ತನಾದ ಸಿಪಾಯಿಯನ್ನು ಕಡಿಮೆ ಸಂಬಳಕ್ಕೆ ನೇಮಿಸಿಕೊಂಡರೆ ಸಲಕರಣೆ ಬೇಡ, ಪುಸ್ತಕ ಬೇಡ, ನೂರು ಮಕ್ಕಳನ್ನು ಒಬ್ಬನೇ ನಿಲ್ಲಿಸಬಲ್ಲ. ಡ್ರಿಲ್ ಮಾಸ್ತರರೆಂಬ ಹುದ್ದೆ ಹುಟ್ಟಿದ್ದು ಹೀಗೆ, ಅದಕ್ಕೆ ಗೌರವ ಕಡಿಮೆಯಾದದ್ದೂ ಹೀಗೆಯೇ. ಗಣಿತ, ಇಂಗ್ಲಿಷ್ ಕಲಿಸುವವರು ಪದವೀಧರರು. ಇವರು ಮೈ ಬಲವನ್ನು ನಂಬಿ ಬಂದವರು. ಆ ಅಂತರ ಸಿಬ್ಬಂದಿ ಕೊಠಡಿಯಲ್ಲಿ ಕುರ್ಚಿ ಹಾಕುವ ಜಾಗದಲ್ಲೂ ಕಾಣುತ್ತಿತ್ತು.

ಗರಡಿಯವರು ಕೈಕಟ್ಟಿ ಕೂತಿರಲಿಲ್ಲ. 1896ರಲ್ಲಿ ಬೆಂಗಳೂರಿನಲ್ಲಿ ಎಸ್. ಭಾರದ್ವಾಜರ ‘ವ್ಯಾಯಾಮ ದೀಪಿಕೆ’ ಅಚ್ಚಾಯಿತು. ಭಾರತೀಯ ಪದ್ಧತಿಯ ಅಂಗಸಾಧನೆಯ ಮೂಲಪಾಠಗಳು ಎಂಬುದು ಅದರ ಇಂಗ್ಲಿಷ್ ಉಪಶೀರ್ಷಿಕೆಯ ಭಾವ. ಗುರುವಿನ ಮೈಯಿಂದ ಶಿಷ್ಯನ ಮೈಗೆ ನೇರವಾಗಿ ಹರಿಯುತ್ತಿದ್ದ ವಿದ್ಯೆ ಇಲ್ಲಿ ಪುಟಕ್ಕೆ ಬಂತು. ಯಾರು ಬೇಕಾದರೂ ಓದಿ ಕಲಿಸಬಹುದಾದ ಪಾಠವಾಗುವ ದಾರಿ ತೆರೆಯಿತು. ಮೈಸೂರಿನಲ್ಲಿ ಇದಕ್ಕೂ ಮೊದಲೇ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿದ್ದವು. ಅವುಗಳಲ್ಲಿ ಹಗ್ಗದ ಮೇಲೆ ಮಾಡುವ ಆಸನಗಳೂ ಇವೆ. ಯೋಗಿಯ ಆಸನ ಮತ್ತು ಗರಡಿಯ ಸಾಮು ಒಂದರ ಪಕ್ಕ ಒಂದು ಇದ್ದುದರ ಗುರುತು ಇದು.

ಈ ನೆರೆಹೊರೆ 1930ರ ದಶಕದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲೇ ಪ್ರಕಟವಾಯಿತು. ಮುಂದೆ ಜಗತ್ತಿಗೆ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸ್ ಇಬ್ಬರೂ ಆಗ ಹುಡುಗರಾಗಿ ಅವರಲ್ಲಿ ಕಲಿತವರು. ಅದೇ ಕಾಲದಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸುತ್ತಿದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಓದಿದವರಿಗೆ ಅವರ ಹೆಸರು ಪರಿಚಿತ. ದೇಹ ಹುರಿಗೊಳಿಸುವುದನ್ನೂ ಸೂರ್ಯನಮಸ್ಕಾರವನ್ನೂ ಕೂಡಿಸಿ ಕಲಿಸಿದ ಗುರುವೂ ಅವರೇ. ಮೈಸೂರಿನ ಯೋಗಪದ್ಧತಿಯ ಮೇಲೆ ಗರಡಿಯ ಪ್ರಭಾವವನ್ನು ನಾರ್ಮನ್ ಸ್ಯೋಮನ್ 1996ರಲ್ಲಿ ಎತ್ತಿ ತೋರಿಸಿದರು. 2010ರಲ್ಲಿ ಮಾರ್ಕ್ ಸಿಂಗಲ್ಟನ್ ಇನ್ನೂ ಮುಂದೆ ಹೋಗಿ ಯುರೋಪಿನ ಶಾಲಾ ಅಂಗಸಾಧನೆಯ ನೆರಳನ್ನೂ ಅದರಲ್ಲಿ ಗುರುತಿಸಿದರು. ಎರಡನೆಯ ವಾದ ತುಸು ಹಿಗ್ಗಿದೆ ಎಂಬುದು ನನ್ನ ಅಭಿಪ್ರಾಯ. ‘ಶ್ರೀತತ್ತ್ವನಿಧಿ’ ಮತ್ತು ‘ವ್ಯಾಯಾಮ ದೀಪಿಕೆ’ಗಳು ಮೈಸೂರು ಬೆಂಗಳೂರುಗಳಲ್ಲೇ ಇರುವಾಗ ಪ್ರತಿಯೊಂದಕ್ಕೂ ಯುರೋಪಿನ ಕಡೆ ನೋಡಬೇಕಾಗಿಲ್ಲ. ಆದರೆ ಹುಡುಗರ ಗುಂಪಿಗೆ ಚುರುಕಾಗಿ, ಒಂದರ ಬೆನ್ನಿಗೆ ಒಂದು ಆಸನ ಮಾಡಿಸುವ ಕ್ರಮ ಶಾಲೆಯ ಅಗತ್ಯದಿಂದ ಬಂತು ಎಂಬ ಮಾತಿನಲ್ಲಿ ತಿರುಳಿದೆ.

ಕನ್ನಡ ನಾಡಿನ ಉತ್ತರದಲ್ಲಿ ನಡೆದದ್ದು ಬೇರೆ. ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ತಮ್ಮ ಶಾಲೆಗಳಲ್ಲಿ ಸೂರ್ಯನಮಸ್ಕಾರವನ್ನು ರೂಢಿಗೆ ತಂದರು. ವಿಜಯಪುರ ಜಿಲ್ಲೆಯ ಗುಣದಾಳ ಆ ಸಂಸ್ಥಾನಕ್ಕೇ ಸೇರಿತ್ತು. ಹುಬ್ಬಳ್ಳಿಯಲ್ಲಿ ಡಾ. ನಾ.ಸು. ಹರ್ಡೀಕರರು ಕವಾಯತನ್ನೇ ಸರ್ಕಾರದ ಕೈಯಿಂದ ಕಸಿದುಕೊಂಡರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಕ್ಷಮೆ ಕೇಳಲು ಒಪ್ಪದೆ ಜೈಲಿನಲ್ಲುಳಿದ ಹುಬ್ಬಳ್ಳಿಯ ಸ್ವಯಂಸೇವಕರ ಹೆಸರು ದೇಶಕ್ಕೆಲ್ಲ ಮುಟ್ಟಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳಕ್ಕೆ ಅಡಿಪಾಯ ಬಿತ್ತು. ಅದರ ಕೇಂದ್ರ ಹುಬ್ಬಳ್ಳಿ. ಸಾಲು, ಹೆಜ್ಜೆ, ಸಮವಸ್ತ್ರ, ಧ್ವಜವಂದನೆ ಎಲ್ಲ ದಂಡಿನದೇ. ಆದರೆ ಆಜ್ಞೆ ಯಾರದು, ಧ್ವಜ ಯಾರದು ಎಂಬುದು ತಿರುಗಿಬಿದ್ದಿತ್ತು. ಬ್ರಿಟಿಷ್ ಸರ್ಕಾರ ಇದರ ಅರ್ಥವನ್ನು ಚೆನ್ನಾಗಿ ತಿಳಿದೇ 1932ರಲ್ಲಿ ದಳವನ್ನು ನಿಷೇಧಿಸಿತು.

ಈ ದಳದ ಮಹಿಳಾ ವಿಭಾಗದ ನಾಯಕಿ ಉಮಾಬಾಯಿ ಕುಂದಾಪುರ. ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯನ್ನು ನಡೆಸುತ್ತಿದ್ದವರೂ ಅವರೇ. 1924ರ ಬೆಳಗಾವಿ ಕಾಂಗ್ರೆಸ್‌ಗೆ ಅವರು ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಸೇರಿಸಿದರು. ಮನೆಯ ಹೊಸಿಲು ದಾಟುವುದೇ ಸುದ್ದಿಯಾಗುತ್ತಿದ್ದ ಕಾಲದಲ್ಲಿ ವಿಧವೆಯರೂ ಸೇರಿದಂತೆ ಹೆಣ್ಣುಮಕ್ಕಳು ಸಾಲುಗಟ್ಟಿ ಬಹಿರಂಗವಾಗಿ ನಿಂತರು. ಗರಡಿ ಕೊಡಲಾಗದ್ದನ್ನು, ಸಿಪಾಯಿಯ ಕವಾಯತು ಯೋಚಿಸಿಯೂ ಇರದಿದ್ದುದನ್ನು ಒಬ್ಬ ಶಾಲಾ ಶಿಕ್ಷಕಿ ಸಾಧಿಸಿದರು. ನಮ್ಮ ಶಿಕ್ಷಕರ ತರಬೇತಿಯ ಪಠ್ಯಗಳು ವಿದೇಶೀ ಪಂಡಿತರ ಹೆಸರುಗಳನ್ನು ಕಂಠಪಾಠ ಮಾಡಿಸುತ್ತವೆ. ಉಮಾಬಾಯಿಯವರಿಗೆ ಅಲ್ಲಿ ಒಂದು ಅಧ್ಯಾಯವೇ ಸಲ್ಲಬೇಕು.

‘ಆಟ’ವನ್ನು ಕವಾಯತಿನ ಎದುರು ನಿಲ್ಲಿಸಿದ ಧಾರೆ ಮದರಾಸಿನದು. ವೈಎಂಸಿಎಯ ಹ್ಯಾರಿ ಕ್ರೋ ಬಕ್ 1920ರಲ್ಲಿ ಅಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರಿಗಾಗಿಯೇ ಒಂದು ತರಬೇತಿ ಶಾಲೆ ತೆರೆದರು. ಅವರು ಓದಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಸಂಸ್ಥೆಯಲ್ಲೇ. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ನಮ್ಮ ಶಾಲೆಗಳಿಗೆ ಬಂದದ್ದು ಬಹುಪಾಲು ವೈಎಂಸಿಎ ದಾರಿಯಲ್ಲಿ. ಬಕ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತ ತಂಡದ ವ್ಯವಸ್ಥಾಪಕರಾಗಿ ಹೋಗಿಬಂದರು. ಆದರೆ ಅವರ ದೊಡ್ಡ ಕೊಡುಗೆ ಅದಲ್ಲ. ಮಕ್ಕಳನ್ನು ಆಡಿಸುವುದಕ್ಕೂ ಓದು, ತರಬೇತಿ, ಪ್ರಮಾಣಪತ್ರ ಬೇಕು ಎಂಬ ಮಾತನ್ನು ಅವರು ಸ್ಥಾಪಿಸಿದರು. ಡ್ರಿಲ್ ಮಾಸ್ತರರ ಜಾಗಕ್ಕೆ ತರಬೇತಾದ ಶಿಕ್ಷಕ ಬರುವ ದಾರಿ ಅಲ್ಲಿಂದ ಶುರು.

ದೇಶೀ ಆಟಗಳಿಗೆ ಆ ಹೊತ್ತಿಗೆ ಪುಣೆಯಲ್ಲಿ ಲಿಖಿತ ನಿಯಮಗಳು ಬಂದಿದ್ದವು. ಡೆಕ್ಕನ್ ಜಿಮ್‌ಖಾನಾ 1914ರಲ್ಲಿ ಖೋಖೋ ಆಟಕ್ಕೆ ನಿಯಮ ಕಟ್ಟಿತು. ಹುತುತು, ಚಡುಗುಡು ಎಂದು ಊರಿಗೊಂದು ಹೆಸರಿದ್ದ ಆಟ ಕಬಡ್ಡಿಯಾಯಿತು. ಗೆರೆ, ಸಮಯ, ಅಂಕ ಇರುವ ಆಟಗಳನ್ನು ಶಾಲೆ ಒಳಗೆ ಕರೆದುಕೊಂಡಿತು. ಚಿನ್ನಿದಾಂಡು, ಲಗೋರಿ, ಮರಕೋತಿ, ಕುಂಟೆಬಿಲ್ಲೆ ಬೇಲಿಯ ಆಚೆಗೇ ಉಳಿದವು.

1956ರ ನವೆಂಬರ್ 1ರಂದು ನಾಡು ಒಂದಾದಾಗ ಈ ಎಲ್ಲ ಧಾರೆಗಳೂ ಒಂದೇ ಇಲಾಖೆಯ ಕೆಳಗೆ ಬಂದವು. ಮಂಗಳೂರಿನ ಕಡೆಗೆ ಮದರಾಸಿನ ವೈಎಂಸಿಎ ಕ್ರಮ, ಧಾರವಾಡದ ಕಡೆಗೆ 1938ರಲ್ಲಿ ಮುಂಬಯಿ ಸರ್ಕಾರ ಕಾಂದಿವಲಿಯಲ್ಲಿ ತೆರೆದ ತರಬೇತಿ ಸಂಸ್ಥೆಯ ಕ್ರಮ, ಕಲಬುರಗಿಯ ಕಡೆಗೆ ಹೈದರಾಬಾದಿನ ಕಾಲೇಜು, ಮೈಸೂರಿನದು ತನ್ನದೇ. ಲೇಜಿಮ್ ಒಂದು ಕಡೆಯದು, ಡಂಬೆಲ್ಸ್ ಇನ್ನೊಂದು ಕಡೆಯದು. ಶಾಲಾ ವಾರ್ಷಿಕೋತ್ಸವದ ಸಾಮೂಹಿಕ ವ್ಯಾಯಾಮದಲ್ಲಿ ಎರಡೂ ಕೂಡಿದವು. ದೆಹಲಿಯ ಯೋಜನೆಗಳು ಇದರ ಮೇಲೆ ಇನ್ನೊಂದು ಪದರ ಹಾಕಿದವು. ಆಜಾದ್ ಹಿಂದ್ ಫೌಜಿನ ಅಧಿಕಾರಿಯಾಗಿದ್ದ ಜೆ.ಕೆ. ಭೋಂಸ್ಲೆ 1954ರಲ್ಲಿ ನಿರಾಶ್ರಿತ ಮಕ್ಕಳ ನಡುವೆ ಆರಂಭಿಸಿದ ರಾಷ್ಟ್ರೀಯ ಶಿಸ್ತು ಯೋಜನೆ, ಕುಂಜ್ರು ಸಮಿತಿಯ ವರದಿಯ ನಂತರ ರೂಪುಗೊಂಡ ನ್ಯಾಷನಲ್ ಫಿಟ್‌ನೆಸ್ ಕೋರ್, ಜೊತೆಗೆ ಎನ್‌ಸಿಸಿ. ಸಾಮೂಹಿಕ ವ್ಯಾಯಾಮಕ್ಕೆ ದೇಶೀ ಆಜ್ಞೆಗಳನ್ನು ರೂಢಿಸುವ ಕೆಲಸ ಬರೋಡದ ವ್ಯಾಯಾಮ ಗುರು ಮಾಣಿಕರಾವ್ ಅವರ ಕಾಲದಲ್ಲೇ ನಡೆದಿತ್ತು. ಸ್ವಾತಂತ್ರ್ಯದ ನಂತರದ ಈ ಯೋಜನೆಗಳು ಅದಕ್ಕೆ ದೇಶವ್ಯಾಪ್ತಿ ಕೊಟ್ಟವು. ‘ಸಾವಧಾನ್’ ನಮ್ಮ ಹಳ್ಳಿಯ ಶಾಲೆ ಮುಟ್ಟಿದ್ದು ಹೀಗೆ. ಇಂಗ್ಲಿಷಿನ ಆಜ್ಞೆ ಹೋಯಿತು, ಆಜ್ಞೆಯ ಪದ್ಧತಿ ಉಳಿಯಿತು.

ಕೊನೆಯ ಹೆಸರು ‘ದೈಹಿಕ ಶಿಕ್ಷಣ’. 1952–53ರ ಮುದಲಿಯಾರ್ ಆಯೋಗ, 1964–66ರ ಕೊಠಾರಿ ಆಯೋಗ ಎರಡೂ ಇದನ್ನು ಶಿಕ್ಷಣದ ಅಂಗವೆಂದೇ ಪರಿಗಣಿಸಿದವು. ಹೆಸರಿನಲ್ಲಿ ‘ಶಿಕ್ಷಣ’ ಮರಳಿ ಬಂತು; ತಾಲೀಮಿಗೆ ಇದ್ದ ಅರ್ಥ ಅದೇ ತಾನೆ. ಹುದ್ದೆಗೆ ಮಾತ್ರ ಆ ಮರ್ಯಾದೆ ಬಂದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ, ಆಟದ ಸಾಮಗ್ರಿ ಕೊಡಬೇಕೆನ್ನುತ್ತದೆ. ಶಿಕ್ಷಕರ ಮಾತು ಬಂದಾಗ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಎಂದು ಬರೆಯುತ್ತದೆ. ಕಡಿಮೆ ಸಂಬಳದ ಸಿಪಾಯಿಯಿಂದ ಆರಂಭವಾದ ಲೆಕ್ಕಾಚಾರ ಈ ಒಂದು ಪದದಲ್ಲಿ ಇನ್ನೂ ಜೀವಂತವಾಗಿದೆ. ಕರ್ನಾಟಕದ ದೈಹಿಕ ಶಿಕ್ಷಣ ಶಿಕ್ಷಕರು, ತಮ್ಮ ವಿಷಯದ ಕುರಿತ ವೈದ್ಯನಾಥನ್ ವರದಿಯನ್ನು ಜಾರಿಗೊಳಿಸಿ, ನಮ್ಮನ್ನು ಸಹಶಿಕ್ಷಕರಿಗೆ ಸಮವಾಗಿ ಕಾಣಿ ಎಂದು ಕೇಳುತ್ತಲೇ ಇದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಸರ್ಕಾರ ಅದನ್ನು ಒಪ್ಪಿ ‘ಅರೆಕಾಲಿಕ’ ಎಂಬ ಪದವನ್ನು ಶಾಲೆಯ ಅಂಗಳದಿಂದ ತೆಗೆದುಹಾಕಬೇಕು.