ಗ್ರೀಕರ ‘ಹೆಲಿಕ್ಸ್’: ಒಂದು ಪದದ ಚರಿತ್ರೆ

ಇಂದಿನ ಗಣಿತದಲ್ಲಿ ‘ಹೆಲಿಕ್ಸ್’ ಎಂದರೆ ತಿರುಪುಮೊಳೆಯ ಸುತ್ತಿನಂತೆ ಬಳಸುತ್ತ ಮೇಲೇರುವ ರೇಖೆ. ಈ ಅರ್ಥವನ್ನೇ ನಂಬಿ, ಆರ್ಕಿಮಿಡೀಸನು ಕ್ರಿ. ಪೂ. 3ನೆಯ ಶತಮಾನದಲ್ಲಿ ರಚಿಸಿದ ‘ಪೆರಿ ಹೆಲಿಕೋನ್’ ಎಂಬ ಗ್ರಂಥವನ್ನು ತೆರೆದ ವಿದ್ಯಾರ್ಥಿಯು ದಿಗ್ಭ್ರಾಂತನಾದಾನು. ಅಲ್ಲಿ ಮೇಲೇರುವ ರೇಖೆಯೇ ಇಲ್ಲ. ಇರುವುದು ಸಮತಲದಲ್ಲಿ ಬಿಚ್ಚಿಕೊಳ್ಳುವ ಸುರುಳಿ. ಹಾಗಾದರೆ ಗ್ರೀಕರಿಗೆ ಈ ಪದದ ಅರ್ಥವೇನಾಗಿತ್ತು?

‘ಹೆಲಿಸ್ಸೊ’ ಎಂಬ ಕ್ರಿಯಾಪದಕ್ಕೆ ತಿರುಗಿಸು, ಸುತ್ತು ಎಂದರ್ಥ. ಅದರ ಆದಿಯಲ್ಲಿ ಹಿಂದೆ ವಕಾರವಿದ್ದಿತು. ಲ್ಯಾಟಿನ್ನಿನ ‘ವೋಲ್ವೊ’, ಸಂಸ್ಕೃತದ ‘ವಲ್’ ಧಾತುಗಳನ್ನು ಭಾಷಾಶಾಸ್ತ್ರಜ್ಞರು ಇದರೊಡನೆ ಸೇರಿಸುತ್ತಾರೆ. ‘ವಲಯ’ವನ್ನು ನೆನೆದೊಡನೆ ನಮ್ಮ ‘ಬಳೆ’ಯನ್ನೂ ಈ ಮೂಲಕ್ಕೆ ಒಯ್ಯುವ ಆಸೆ ಸಹಜವೇ, ಆದರೆ ಬರೋ–ಎಮೆನೋ ನಿಘಂಟು ಅದನ್ನು ತಮಿಳಿನ ‘ವಳೈ’ಯೊಡನೆ ದ್ರಾವಿಡ ವರ್ಗದಲ್ಲಿರಿಸಿದೆ.

ಪದದ ಹಳೆಯ ಪ್ರಯೋಗಗಳು ಗಣಿತಕ್ಕೆ ಬಹು ದೂರ. ಇಲಿಯಡ್ಡಿನ 18ನೆಯ ಸರ್ಗದಲ್ಲಿ ಹೆಫೇಸ್ಟಸನು ತಯಾರಿಸಿದ ಒಡವೆಗಳಲ್ಲಿ ‘ಹೆಲಿಕೆಸ್’ ಸೇರಿವೆ. ಅವು ಸುರುಳಿಯಾಕಾರದ ತೋಳಬಂದಿಗಳೋ ಕಿವಿಯಾಭರಣಗಳೋ ಎಂಬುದು ವಿವಾದಾಸ್ಪದ. ಹೋಮರನು ಎತ್ತುಗಳಿಗೂ ಇದೇ ವಿಶೇಷಣವನ್ನು ಕೊಡುತ್ತಾನೆ. ಸುತ್ತಿದ ಕೊಂಬುಳ್ಳವು ಎಂದು ಹಲವರು ಅರ್ಥೈಸಿದ್ದಾರೆ. ಥಿಯೊಫ್ರಾಸ್ಟಸನಲ್ಲಿ ಅದು ಐವಿ ಬಳ್ಳಿಯ ಒಂದು ಜಾತಿ. ರೋಮಿನ ವಿಟ್ರೂವಿಯಸನು ಕೊರಿಂಥಿಯನ್ ಬೋದಿಗೆಯ ಚಿಕ್ಕ ಸುರುಳಿಗಳನ್ನು ಹೀಗೆ ಕರೆದನು. ಅಕ್ಕಸಾಲಿಗ, ತೋಟಗಾರ, ಶಿಲ್ಪಿ ಇವರೆಲ್ಲರ ಬಾಯಲ್ಲಿದ್ದ ಪದವನ್ನೇ ಆರ್ಕಿಮಿಡೀಸನು ಎತ್ತಿಕೊಂಡನೆಂದು ನನ್ನ ಭಾವನೆ. ಆತನು ಮಾಡಿದುದು ಅದಕ್ಕೆ ನಿಖರತೆಯನ್ನು ಕೊಟ್ಟದ್ದು: ಒಂದು ತುದಿ ಸ್ಥಿರವಾಗಿರುವ ಸರಳರೇಖೆಯು ಸಮವೇಗದಿಂದ ತಿರುಗುತ್ತಿರಲು, ಆ ತುದಿಯಿಂದ ಹೊರಟು ರೇಖೆಯ ಮೇಲೆ ಸಮವೇಗದಿಂದಲೇ ಸಾಗುವ ಬಿಂದುವಿನ ಜಾಡು. ಮೊದಲನೆಯ ಸುತ್ತು ಆವರಿಸುವ ಕ್ಷೇತ್ರವು ಅದರ ವೃತ್ತದ ಮೂರನೆಯ ಒಂದು ಭಾಗವೆಂದು ಆತನು ಸಾಧಿಸಿದನು.

ಮೇಲೇರುವ ರೇಖೆಗೂ ‘ಹೆಲಿಕ್ಸ್’ ಎಂಬ ಹೆಸರು ಸಲ್ಲುತ್ತಿತ್ತು, ಆದರೆ ವಿಶೇಷಣದೊಡನೆ: ಪ್ರೊಕ್ಲಸನು (ಕ್ರಿ. ಶ. 5ನೆಯ ಶತಮಾನ) ಸಿಲಿಂಡರಿನ ಮೇಲಣ ಹೆಲಿಕ್ಸ್ ಎಂದು ಬಿಡಿಸಿ ಹೇಳುತ್ತಾನೆ. ಇನ್ನು ‘ಸ್ಪೈರಲ್’ ಪದಕ್ಕೆ ಮೂಲವಾದ ‘ಸ್ಪೈರ’ವಂತೂ ಅವರ ಜ್ಯಾಮಿತಿಯಲ್ಲಿ ಉಂಗುರಾಕಾರದ ಘನಾಕೃತಿ! ಆರ್ಕಿಮಿಡೀಸನ ಹೆಸರಿನಿಂದ ಪ್ರಸಿದ್ಧವಾದ ನೀರೆತ್ತುವ ತಿರುಪನ್ನು, ಇಂದು ನಾವು ನಿಸ್ಸಂದೇಹವಾಗಿ ಹೆಲಿಕ್ಸ್ ಎನ್ನಬಹುದಾದುದನ್ನು, ಕ್ರಿ. ಪೂ. 1ನೆಯ ಶತಮಾನದ ಡಿಯೊಡೋರಸನು ‘ಕೊಖ್ಲಿಯಾಸ್’ ಎಂದು ಕರೆದಿದ್ದಾನೆ, ಅಂದರೆ ಬಸವನಹುಳು.